ಗಂಟಲಿನ ಚಿತ್ರ

ಆರನೆಯ ಚಿತ್ರದಲ್ಲಿ ಗಂಟಲು ಚೌಕದಿಂದ ಹೊರಗಿತ್ತು.

ಕಿರಣಯಂತ್ರ ನಡೆಸುವ ಮುಬೀನಾ ಕುರ್ಚಿ ಮುಂದಕ್ಕೆ ಎಳೆದುಕೊಂಡು ಪರದೆಯನ್ನು ಮತ್ತೆ ನೋಡಿದಳು. ಕಿರಣವು ಕತ್ತಿನ ಒಂದು ಮಗ್ಗುಲಿನಿಂದ ಹೊಕ್ಕು, ಇನ್ನೊಂದು ಮಗ್ಗುಲಿನಿಂದ ಹೊರಬಿದ್ದು, ಆಚೆಯ ಫಲಕಕ್ಕೆ ತಾಗಿದಾಗ ಮೂಡುವ ಚಿತ್ರ ಅದು. ಬೂದಿಬಣ್ಣದ ಮಸುಕಿನಲ್ಲಿ ಕತ್ತಿನ ಎಲುಬುಗಳು, ಉಸಿರು ಹಾಯುವ ಕಪ್ಪು ಪಟ್ಟಿ, ಅದರ ಮುಂದೆ ಧ್ವನಿಪೆಟ್ಟಿಗೆಯ ಅಂಚು. ಡಾಕ್ಟರು ಗೆರೆ ಎಳೆದುಕೊಟ್ಟ ಚೌಕದೊಳಗೆ ಆ ಅಂಚು ಇರಬೇಕು. ಮೊದಲ ಎರಡು ಚಿತ್ರಗಳಲ್ಲಿ ಇತ್ತು. ಮೂರನೆಯದರಲ್ಲಿ ಕದಡಿದಂತಿತ್ತು. ಆರನೆಯದರಲ್ಲಿ ಒಂದು ಬೆರಳಿನಷ್ಟು ಮೇಲಕ್ಕೆ ಸರಿದಿತ್ತು.

ಉಗುಳು ನುಂಗಿರಬೇಕು ಅಂದುಕೊಂಡಳು. ಆದರೆ ನುಂಗಿದ ಗಂಟಲು ಮರುಕ್ಷಣ ಕೆಳಗಿಳಿಯುತ್ತದೆ. ಇದು ಏಳನೆಯದರಲ್ಲೂ ಮೇಲೆಯೇ ಇತ್ತು.

ಪಕ್ಕದ ಟಿ.ವಿ.ಯಲ್ಲಿ ಒಳಕೋಣೆ ಕಾಣುತ್ತಿತ್ತು. ಮೇಜಿನ ಮೇಲೆ ಯಮನೂರಸಾಬ ಅಂಗಾತ ಮಲಗಿದ್ದ. ಹಣೆಯಿಂದ ಹೆಗಲಿನವರೆಗೆ ಬಿಳಿಯ ಜಾಳಿಗೆಯ ಮುಖವಾಡವನ್ನು ಬಿಗಿದು ಮೇಜಿಗೆ ಸಿಕ್ಕಿಸಿದ್ದರು. ಕೈ ಅಲುಗಿರಲಿಲ್ಲ, ಕಾಲು ಅಲುಗಿರಲಿಲ್ಲ. ಹುಬ್ಬಳ್ಳಿಯ ಆ ಆಸ್ಪತ್ರೆಗೆ ಹೊಸ ಯಂತ್ರ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ವಾರಕ್ಕೊಮ್ಮೆ ಶುರುವಿನಲ್ಲೇ ಒಂದು ಚಿತ್ರ ತೆಗೆದು, ಸರಿ ಇದೆ ಎಂದು ಗುರುತು ಹಾಕುವುದು ಅಲ್ಲಿಯ ರೂಢಿ. ಕಿರಣ ಬೀಳುವಷ್ಟು ಹೊತ್ತೂ ಸಾಲಾಗಿ ಚಿತ್ರ ತೆಗೆದು ನೋಡು ಎಂದು ಡಾಕ್ಟರು ಹೇಳಿದ್ದು ಈ ದಿನವೇ ಮೊದಲು.

ಒಳಗಿನ ಸದ್ದು ಹೊರಗೆ ಕೇಳಿಸುವ ಗುಂಡಿಯೊಂದು ಅವಳ ಮೇಜಿನ ಮೇಲಿತ್ತು. ಯಂತ್ರದ ಗುಂಯ್‌ಗುಡುವಿಕೆ ತಲೆ ತಿನ್ನುತ್ತದೆಂದು ಎಲ್ಲರೂ ಅದನ್ನು ತಗ್ಗಿಸಿಯೇ ಇಡುತ್ತಿದ್ದರು. ಮುಬೀನಾ ಅದನ್ನು ಪೂರ್ತಿ ತಿರುಗಿಸಿದಳು. ಮೊದಲು ಯಂತ್ರದ ಸದ್ದು ಬಂತು. ಅದರ ಕೆಳಗೆ, ಮರಳಿನ ಮೇಲೆ ಗೋಣಿಚೀಲ ಎಳೆದಂಥ ಒಂದು ದನಿ.

"ಕಾಶೀಂಬೀ..." ಅಂದಿತು ದನಿ. ಸ್ವಲ್ಪ ಉಸಿರು. "ಮನೀಗೆ ನಡಿ."

ಮುಬೀನಾ ಯಂತ್ರ ನಿಲ್ಲಿಸಿದಳು.

ನರಗುಂದದ ಮಾರುಕಟ್ಟೆಯಲ್ಲಿ ಯಮನೂರಸಾಬನ ದನಿ ಗೊತ್ತಿಲ್ಲದವರು ಇರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಅಲ್ಲಿ ಹರಾಜಿನ ಸವಾಲು ಕೂಗಿದ್ದ. ಹೆಸರು, ಕಡಲೆ, ಗೋಧಿ ಬಂದ ಕಾಲದಲ್ಲಿ ರಾಶಿಯಿಂದ ರಾಶಿಗೆ ಹೆಜ್ಜೆ ಹಾಕುತ್ತ, ಒಂದು ಮುಷ್ಟಿ ಕಾಳು ಮೇಲಕ್ಕೆತ್ತಿ ಅವನು ಕೂಗಲು ನಿಂತರೆ ಗುಡ್ಡದ ಕೋಟೆಯ ಗೋಡೆಗೆ ಬಡಿದು ದನಿ ತಿರುಗಿ ಬರುತ್ತದೆ ಎಂದು ಹಮಾಲರು ಹೇಳುತ್ತಿದ್ದರು. ಅದು ಅತಿಯಾದ ಮಾತು. ಆದರೆ ಮಾರುಕಟ್ಟೆಯ ಹೊರಗೆ ಚಹಾ ಕುಡಿಯುತ್ತ ಕೂತ ರೈತರು ಅವನ ಕೂಗು ಕೇಳಿಯೇ ತಮ್ಮ ಮಾಲಿನ ಸರದಿ ಬಂತೆಂದು ಏಳುತ್ತಿದ್ದದ್ದು ನಿಜ.

ಹಿಂದಿನ ಚಳಿಗಾಲದಲ್ಲಿ ದನಿ ಒಡೆಯಿತು. ಧೂಳು ಅಂದುಕೊಂಡ. ಶುಂಠಿ ಜಗಿದ, ಬಿಸಿ ಉಪ್ಪುನೀರು ಮುಕ್ಕಳಿಸಿದ. ಬೀಡಿ ಮಾತ್ರ ಬಿಡಲಿಲ್ಲ. ಬೇಸಿಗೆ ಕಳೆಯುವುದರೊಳಗೆ ಸವಾಲು ಕೂಗಲು ಬೇರೆಯವನನ್ನು ಹಚ್ಚಿದರು. ಹುಬ್ಬಳ್ಳಿಯ ಡಾಕ್ಟರು ಗಂಟಲಿನೊಳಗೆ ನಳಿಗೆ ಇಳಿಸಿ ನೋಡಿ, ಬಲಗಡೆಯ ಧ್ವನಿತಂತಿಯ ಮೇಲೆ ಕ್ಯಾನ್ಸರಿನ ಗಂಟು ಎದ್ದಿದೆ, ಮೂವತ್ಮೂರು ದಿನ ಕರೆಂಟು, ಅಂದರೆ ಕಿರಣ, ಹಿಡಿಸಬೇಕು ಎಂದರು. ಅಲ್ಲಿಯವರೆಗೆ ಮಾತು ಬೇಡ, ಪಿಸುಮಾತು ಸಹ ಬೇಡ. ಅಂದಿನಿಂದ ಅವನು ಜೇಬಿನಲ್ಲಿ ಸಣ್ಣ ನೋಟುಪುಸ್ತಕ, ಪೆನ್ನು ಇಟ್ಟುಕೊಂಡು ಬೆಳಗಿನ ಎಂಟರ ಬಸ್ಸಿಗೆ ನರಗುಂದದಿಂದ ಹೊರಟು ಮಧ್ಯಾಹ್ನಕ್ಕೆ ಮರಳುತ್ತಿದ್ದ. ಒಬ್ಬನೇ ಬರುತ್ತಿದ್ದ.

ಹನ್ನೊಂದನೆಯ ದಿನ ಅದು, ಶುಕ್ರವಾರ. ಮುಖವಾಡ ಬಿಚ್ಚಿಸಿಕೊಂಡು ಹೊರಬಂದವನನ್ನು ಮುಬೀನಾ ಪರದೆಯ ಮುಂದೆ ಕೂರಿಸಿದಳು. ಜಾಳಿಗೆಯ ಗೀರು ಕೆನ್ನೆಯ ಮೇಲೆ ಇನ್ನೂ ಮೂಡಿತ್ತು.

"ಚಾಚಾ, ಇದು ನಿಮ್ಮ ಗಂಟಲಾ," ಅಂದಳು. "ಇದು ಚೌಕ. ಕಿರಣ ಬೀಳೂದು ಇದರಾಗ ಅಷ್ಟ. ಈಗ ಇಲ್ಲಿ ನೋಡ್ರಿ, ಗಂಟಲಾ ಮ್ಯಾಲ ಹೋಗೇತಿ. ನೀವು ಒಳಗ ಮಾತಾಡಾಕತ್ತಿದ್ರಿ."

ಯಮನೂರಸಾಬ ಚಿತ್ರವನ್ನೇ ನೋಡಿದ. ಬಹಳ ಹೊತ್ತು ನೋಡಿದ. ಇಪ್ಪತ್ತೆರಡು ವರ್ಷ ಅನ್ನ ಹಾಕಿದ್ದು ಇಷ್ಟೇ ಜಾಗ, ಹೆಬ್ಬೆರಳಿನಷ್ಟು. ಆಮೇಲೆ ಇಲ್ಲ ಎಂದು ತಲೆ ಆಡಿಸಿದ.

"ನಾನು ಕೇಳೀನ್ರಿ ಚಾಚಾ."

ಅವನ ಕಿವಿಗಳು ಕೆಂಪಾದವು. ಅರವತ್ತರ ಹತ್ತಿರದ ಮನುಷ್ಯ, ತಪ್ಪು ಸಿಕ್ಕಿಬಿದ್ದ ಹುಡುಗನಂತೆ ಟವೆಲಿನ ಅಂಚು ತಿರುವತೊಡಗಿದ. ಕೊನೆಗೆ ನೋಟುಪುಸ್ತಕ ತೆಗೆದು ಬರೆದ. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನ ಅಕ್ಷರ, ಒಂದೊಂದೂ ಬಿಡಿಬಿಡಿ. 'ನನ್ನ ಹೆಂಡ್ತಿ. ಕೊಣ್ಣೂರಾಗ ಅದಾಳ. ನಾಕ ವರ್ಷ ಆತು.'

ಅದರ ಕೆಳಗೆ ಇನ್ನೊಂದು ಸಾಲು ಬರೆದ. 'ಓಣ್ಯಾಗ ಮಂದಿ ಕೇಳ್ತಾರ. ಈ ಖೋಲ್ಯಾಗ ಯಾರೂ ಇರೂದಿಲ್ಲ.'

ನಾಲ್ಕು ವರ್ಷದ ಹಿಂದೆ ಕಾಶೀಂಬಿ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಕೊಣ್ಣೂರಿಗೆ ಹೋಗಿದ್ದಳು. ಒಂದು ತಿಂಗಳು ಎಂದು ಹೋದವಳು ಐದು ತಿಂಗಳಾದರೂ ಬರಲಿಲ್ಲ. ಮಕ್ಕಳಿಲ್ಲದ ಮನೆ. ಸಂಜೆ ಬಂದು ಬೀಗ ತೆಗೆದರೆ ಯಮನೂರಸಾಬನಿಗೆ ತನ್ನ ಕೆಮ್ಮು ತನಗೇ ಕೇಳುತ್ತಿತ್ತು. ಒಂದು ಸಂಜೆ ಮಾರುಕಟ್ಟೆ ಮುಗಿಸಿ ಹಾಗೆಯೇ ಬಸ್ಸು ಹತ್ತಿ ಕೊಣ್ಣೂರಿಗೆ ಹೋದ. ಮಾವನ ಮನೆಯ ಮುಂದೆ, ಓಣಿಯ ನಡುವೆ ನಿಂತು ಕರೆದ. ಅವ್ವಗ ಜೀವ ಹೋಗಾಕತ್ತೇತಿ, ಈಗ ಬರೂದಿಲ್ಲ ಎಂದು ಒಳಗಿನಿಂದ ಅವಳು ಹೇಳಿಕಳಿಸಿದಳು. ಅವನಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ದಿನವೂ ಬಾಯಲ್ಲಿ ಆಡುವ ಮಾತೇ. "ಒಂದ ಸಾರಿ ಕರದೆ. ಎರಡ ಸಾರಿ ಕರದೆ. ಮೂರ ಸಾರಿ..." ಎಂದು, ರಾಶಿಯ ಮುಂದೆ ನಿಂತ ಹಾಗೆ, ಎತ್ತರದ ದನಿಯಲ್ಲಿ. ಓಣಿಯ ಬಾಗಿಲುಗಳೆಲ್ಲ ತೆರೆದವು. ಯಾರೋ ನಕ್ಕರು. ಮೂರು ಎಂದವನು ತಿರುಗಿ ನೋಡದೆ ಬಸ್ ನಿಲ್ದಾಣಕ್ಕೆ ನಡೆದ.

ತಾಯಿ ತೀರಿಕೊಂಡಳು, ನಲವತ್ತು ದಿನ ಕಳೆಯಿತು, ಕಾಶೀಂಬಿ ಬರಲಿಲ್ಲ. "ಮಂದಿ ಮುಂದ ನನ್ನ ಸವಾಲಿಗೆ ಇಟ್ರು. ಯಾರೂ ಕೊಳ್ಳಲಿಲ್ಲಂತ ಹೇಳ್ರಿ ಅವರಿಗೆ," ಅಂದಳಂತೆ. ಮಾತು ಮಾರುಕಟ್ಟೆಯ ತನಕ ಬಂದು ಅವನನ್ನು ಮುಟ್ಟಿತ್ತು. ಅಂದಿನಿಂದ ಪ್ರತಿ ವಾರವೂ ಈ ವಾರ ಹೋಗಬೇಕು, ಹೋಗಿ ಒಂದು ಸಲ ಮೆತ್ತಗೆ ಕರೆಯಬೇಕು ಎಂದುಕೊಂಡ. ಕೂಗುವುದೊಂದೇ ಗೊತ್ತಿದ್ದ ಗಂಟಲಿಗೆ ಮೆತ್ತಗೆ ಕರೆಯುವುದು ಹೇಗೆಂದು ತಿಳಿಯಲಿಲ್ಲ. ದನಿ ಎಲ್ಲಿ ಹೋದೀತು, ಕರೆದರಾಯಿತು ಎಂದು ಮುಂದೆ ಹಾಕಿದ. ಈಗ ದನಿಯೇ ಹೋಗುತ್ತಿತ್ತು. ಕಿರಣದ ಕೋಣೆಯ ದಪ್ಪ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಹೋದ ಮೇಲೆ, ಅವಳ ಹೆಸರು ಇನ್ನೂ ಬರುತ್ತದೆಯೋ ಇಲ್ಲವೋ ಎಂದು ಅವನು ದಿನವೂ ನೋಡಿಕೊಳ್ಳುತ್ತಿದ್ದ.

ಮುಬೀನಾ ಗಜೇಂದ್ರಗಡದವಳು. ನೇಕಾರರ ಮನೆಯ ಹುಡುಗಿ, ಆಸ್ಪತ್ರೆಯ ಹಾಸ್ಟೆಲಿನಲ್ಲಿದ್ದಳು. ಡಾಕ್ಟರಿಗೆ ಹೇಳದೆ ಇರುವಂತಿರಲಿಲ್ಲ, ಹೇಳಿದಳು. ಡಾಕ್ಟರ್ ಬಸವಪ್ರಸಾದ ಚಿತ್ರಗಳನ್ನು ಒಂದೊಂದಾಗಿ ನೋಡಿ ಕನ್ನಡಕ ತೆಗೆದಿಟ್ಟರು.

"ಎಷ್ಟ ದಿನದಿಂದ ನಡದೈತಿ ಇದು?" ಎಂದು ಕೇಳಿದರು.

ಯಮನೂರಸಾಬ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದ. ಮುಬೀನಾ ನೆಲ ನೋಡಿದಳು. ಅಷ್ಟೂ ದಿನ ಆ ಗುಂಡಿ ತಗ್ಗಿಸಿಟ್ಟು ಹೊರಗೆ ಕೂತವಳು ಅವಳೇ.

"ನೋಡ್ರಿ," ಡಾಕ್ಟರು ಗದರಲಿಲ್ಲ, ಅದಕ್ಕೇ ಮಾತು ಹೆಚ್ಚು ತಾಗಿತು. "ಇದು ಶುರುವಾತಿನ ಬ್ಯಾನಿ. ಕಿರಣ ಬೀಳೂ ಜಾಗಾದಾಗ ಬಿದ್ರ ಗುಣ ಆಗತೈತಿ. ತಪ್ಪಿ ಬಿದ್ರ ಗಂಟು ಉಳೀತೈತಿ. ಆಮ್ಯಾಲ ಧ್ವನಿಪೆಟಿಗಿನ ಕೊಯ್ದು ತಗೀಬೇಕಾಗತೈತಿ. ಕುತಿಗ್ಯಾಗ ತೂತು, ಅದರಾಗಿಂದ ಉಸರು. ಮಾತು ಅನ್ನೂದು ಇರೂದಿಲ್ಲ. ಆದಷ್ಟು ದಿನ ಲೆಕ್ಕ ಹಾಕಿ ಕಡಿಗೆ ಎರಡ ಮೂರ ದಿನ ಹೆಚ್ಚಿಗೆ ಕೊಡ್ತೀನಿ. ಇನ್ನ ಮುಂದ ಒಳಗ ಒಂದ ಅಕ್ಷರ ಬ್ಯಾಡ."

ಯಮನೂರಸಾಬ ಬರೆದು ಮುಂದೆ ಹಿಡಿದ. 'ಈಗ ಇರೂ ದನಿ ಎಷ್ಟ ದಿನ ಇರತೈತ್ರಿ?'

"ಮುಂದಿನ ವಾರದಿಂದ ಒಳಗ ಹುಣ್ಣಾಗತೈತಿ. ದನಿ ಪೂರಾ ಹೋಗತೈತಿ. ಎರಡ ಮೂರ ತಿಂಗಳಾದ ಮ್ಯಾಲ ಬರಬಹುದು. ಹ್ಯಾಂಗ ಬರತೈತಿ ಅಂತ ನಾ ಹೇಳಾಕಾಗೂದಿಲ್ಲ."

ಮೆಟ್ಟಿಲ ತನಕ ಮುಬೀನಾ ಅವನ ಜೊತೆ ಬಂದಳು. ಕಂಬದ ಹತ್ತಿರ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿ ಹೇಳಿದಳು. "ಚಾಚಾ, ಆಯ್ತವಾರ ಮಷೀನ್ ಬಂದ್ ಇರತೈತಿ. ಅವತ್ತ ನಾಕ ಮಾತು ಆಡಿದ್ರ ಏನೂ ಕೆಡೂದಿಲ್ಲ. ಹೋಗಿ ಬರ್ರಿ. ಆದ್ರ ಒದರಬ್ಯಾಡ್ರಿ."

ಆ ಭಾನುವಾರ ಮಲಪ್ರಭೆ ತುಂಬಿ ಹರಿಯುತ್ತಿತ್ತು. ಮೇಲಿನಿಂದ ನೀರು ಬಿಟ್ಟಿದ್ದಾರೆ, ಸಂಜೆಯೊಳಗೆ ಕೊಣ್ಣೂರಿನ ಸೇತುವೆ ಮುಳುಗುತ್ತದೆ ಎಂದು ಬಸ್ಸಿನಲ್ಲಿ ಮಾತು. ಯಮನೂರಸಾಬ ಶುಕ್ರವಾರದಿಂದ ಬಾಯಿ ತೆರೆದಿರಲಿಲ್ಲ. ಚಹಾ ಬೇಕಾದರೂ ಬೆರಳು ತೋರಿಸಿದ್ದ. ಇದ್ದ ಅಷ್ಟಿಷ್ಟು ದನಿಯನ್ನು ಬೀಜದ ಕಾಳಿನ ಹಾಗೆ ಎತ್ತಿಟ್ಟುಕೊಂಡಿದ್ದ. ಊರ ಮುಂದೆ ಇಳಿದಾಗಲೇ ನದಿಯ ಸದ್ದು ಎದೆಗೆ ತಾಗಿತು.

ತಗ್ಗಿನ ಓಣಿಯ ಜನ ಸಾಮಾನು ಸಾಗಿಸುತ್ತಿದ್ದರು. ಟ್ರ್ಯಾಕ್ಟರಿನಲ್ಲಿ ಕಾಳಿನ ಚೀಲ, ಹಾಸಿಗೆ, ಸೈಕಲ್ಲು. ಎಲ್ಲ ಏರಿನ ಮೇಲಿನ ಶಾಲೆಯ ಕಡೆಗೆ. ಕಾಶೀಂಬಿಯ ತಮ್ಮ ಬಾಷಾ ಟ್ರ್ಯಾಕ್ಟರಿನ ಮೇಲೆ ನಿಂತು ಚೀಲ ಎಳೆದುಕೊಳ್ಳುತ್ತಿದ್ದ. ಬಾಗಿಲಿನಲ್ಲಿ ಕಾಶೀಂಬಿ ಬುಟ್ಟಿಯಡಿ ಕೋಳಿಗಳನ್ನು ಮುಚ್ಚಿ ಹಗ್ಗ ಕಟ್ಟುತ್ತಿದ್ದಳು. ಕೂದಲು ಬೆಳ್ಳಗಾಗಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಯಮನೂರಸಾಬ ನಾಲ್ಕು ವರ್ಷದ ಹಿಂದೆ ನಿಂತ ಜಾಗದಲ್ಲೇ ನಿಂತಿದ್ದ. ಅದು ಗೊತ್ತಾಗಿ ಎರಡು ಹೆಜ್ಜೆ ಮುಂದೆ ಬಂದ.

"ಕಾಶೀಂಬೀ," ಅಂದ.

ದನಿ ಬಂತು. ಒಡೆದು, ನೂಲಿನಂತೆ ಬಂತು. ಆದರೆ ಟ್ರ್ಯಾಕ್ಟರು ಗುಡುಗುತ್ತಿತ್ತು, ಜನ ಕೂಗುತ್ತಿದ್ದರು, ಎಲ್ಲದರ ಮೇಲೆ ನದಿ. ಅವಳು ತಲೆ ಎತ್ತಲಿಲ್ಲ. ಇನ್ನೊಮ್ಮೆ ಕರೆದ. ಮೂರನೆಯ ಸಲ ಕರೆಯಲು ಅವನಿಗೆ ಮನಸ್ಸಾಗಲಿಲ್ಲ.

ಹಗ್ಗದ ಗಂಟು ಬಿಗಿದು ಎದ್ದಾಗ ಅವಳು ಅವನನ್ನು ಕಂಡಳು. ಮೊದಲು ಗುರುತೇ ಹತ್ತಲಿಲ್ಲ. ಮುಖವಾಡಕ್ಕಾಗಿ ಗಡ್ಡ ತೆಗೆಸಿದ್ದರು, ಬೋಳು ಗಲ್ಲ ಯಾರದೋ ಮುಖದ ಹಾಗಿತ್ತು. ಆಮೇಲೆ ಅವಳ ಕೈ ಸೆರಗನ್ನು ತಲೆಯ ಮೇಲೆ ಎಳೆಯಿತು.

"ಗಡ್ಡ ಏನಾತು?" ಎಂದು ಕೂಗಿ ಕೇಳಿದಳು.

ಅವನ ತುಟಿಗಳು ಅಲುಗಿದವು.

"ಏನಂತೀರಿ? ಕೇಳ್ಸವಲ್ದು."

ಅವಳು ಮೆಟ್ಟಿಲಿಳಿದು ಬಂದಳು. ಕೆಸರಿನಲ್ಲಿ ಹತ್ತಿರ ಬಂದು, ಕಿವಿಯನ್ನು ಅವನ ಬಾಯಿಗೆ ತಂದಳು. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವನ ಮಾತು ಕೇಳಲು ಅವಳು ಹತ್ತಿರ ಬರಬೇಕಾಗಿ ಬಂದದ್ದು ಅದೇ ಮೊದಲು. ಸಾಬೂನು, ಹೊಗೆ, ಕೋಳಿಪುಕ್ಕದ ವಾಸನೆ. ಯಮನೂರಸಾಬ ಕೂಡಿಟ್ಟುಕೊಂಡ ಮಾತನ್ನು ಆಡಲು ಬಾಯಿ ತೆರೆದ. ಹೊರಬಿದ್ದದ್ದು ಬರೀ ಗಾಳಿ.

"ಅಕ್ಕಾ, ಲಗೂ ಬಾ! ನೀರು ಗುಡಿ ಕಟ್ಟೀಗೆ ಬಂತು!" ಬಾಷಾ ಟ್ರ್ಯಾಕ್ಟರಿನ ಮೇಲಿನಿಂದ ಒದರಿದ.

ಅವಳು ಅವನ ಕತ್ತನ್ನು ನೋಡುತ್ತಿದ್ದಳು. ಕಾಲರಿನ ಮೇಲೆ, ಎರಡೂ ಬದಿ, ಒಲೆಯ ಮುಂದೆ ಬಹಳ ಹೊತ್ತು ಕೂತವರ ಮೈಯಂತೆ ಚರ್ಮ ಕಪ್ಪೇರಿತ್ತು. ಬೆರಳು ತುದಿ ಅದರ ಹತ್ತಿರ ತಂದು, ಮುಟ್ಟದೆ ನಿಲ್ಲಿಸಿದಳು.

"ಇದೇನ್ರಿ ಇದು?"

ಅವನು ನೋಟುಪುಸ್ತಕಕ್ಕೆ ಕೈ ಹಾಕಿದ. ಆಮೇಲೆ ನೆನಪಾಯಿತು, ಅವಳಿಗೆ ಓದಲು ಬರುವುದಿಲ್ಲ. ಪುಸ್ತಕವನ್ನು ಹಾಗೆಯೇ ಜೇಬಿಗೆ ಹಾಕಿ, ಒಳಗೆ ಹೋಗಿ ಅವಳ ಟ್ರಂಕಿನ ಒಂದು ಕಡೆ ಹಿಡಿದ. ಇನ್ನೊಂದು ಕಡೆ ಅವಳು ಹಿಡಿದಳು. ಇಬ್ಬರೂ ಅದನ್ನು ಟ್ರ್ಯಾಕ್ಟರಿಗೆ ಏರಿಸಿದರು. ಕೋಳಿಬುಟ್ಟಿ ಏರಿಸಿದರು. ರಸ್ತೆ ಕಟ್ಟಾಗುವ ಮೊದಲು ನರಗುಂದಕ್ಕೆ ಹೋಗುವ ಬಸ್ಸು ಹಾರ್ನು ಹೊಡೆಯುತ್ತಿತ್ತು, ಅದು ತಪ್ಪಿದರೆ ಮರುದಿನದ ಹುಬ್ಬಳ್ಳಿಯೂ ತಪ್ಪುತ್ತಿತ್ತು. ಟ್ರ್ಯಾಕ್ಟರು ಅವಳನ್ನು ಕೂರಿಸಿಕೊಂಡು ಏರಿನ ಕಡೆ ಹೊರಟಿತು. ತಿರುವಿನ ತನಕ ಅವಳು ಹಿಂದೆಯೇ ನೋಡುತ್ತಿದ್ದಳು, ಅಥವಾ ನೀರನ್ನು ನೋಡುತ್ತಿದ್ದಳೋ, ಅವನಿಗೆ ತಿಳಿಯಲಿಲ್ಲ.

ಸೋಮವಾರ ಮುಬೀನಾ ಬಾಗಿಲಲ್ಲೇ ಕಾಯುತ್ತಿದ್ದಳು. ಅವನ ಮುಖ ನೋಡಿ ಮುಖವಾಡ ಬಿಗಿದಳು. ಹನ್ನೆರಡು ಚಿತ್ರ ತೆಗೆದಳು. ಮೊದಲಿನಿಂದ ಕೊನೆಯವರೆಗೆ ಗಂಟಲು ಚೌಕದ ಒಳಗೇ ಇತ್ತು, ಗೆರೆ ದಾಟಲಿಲ್ಲ. ಮರುದಿನವೂ ಹಾಗೇ. ಡಾಕ್ಟರು ನೋಡಿ, "ಚಲೋ ಬಂದೈತಿ," ಅಂದರು. ಮುಬೀನಾ ಗುಂಡಿಯನ್ನು ಪೂರ್ತಿ ತಿರುಗಿಸಿಯೇ ಇಡುತ್ತಿದ್ದಳು. ಯಂತ್ರದ ಸದ್ದಿನಡಿ ಉಸಿರು ಮಾತ್ರ ಕೇಳುತ್ತಿತ್ತು. ಚಿತ್ರ ಚೆನ್ನಾಗಿ ಬಂದಷ್ಟೂ ಅವಳಿಗೆ ಏನೋ ಕಸಿವಿಸಿ.

ನಾಲ್ಕನೆಯ ವಾರಕ್ಕೆ ಅವನಿಗೆ ಉಗುಳು ನುಂಗುವುದೂ ಕಷ್ಟವಾಯಿತು. ಗಂಜಿ ತಣ್ಣಗೆ ಮಾಡಿ ಕುಡಿಯುತ್ತಿದ್ದ. ಗಂಟಲಿನಿಂದ ಸಣ್ಣ ಸೀಟಿಯಂಥ ಸದ್ದು ಸಹ ಹೊರಡದಾಯಿತು. ಮಾರುಕಟ್ಟೆಯ ವ್ಯಾಪಾರಿ ಗುರುಸಂಗಪ್ಪ ಒಂದು ದಿನ ಬಸ್ ನಿಲ್ದಾಣದಲ್ಲಿ ಸಿಕ್ಕು, "ಯಮನೂರಸಾಬ, ನೀ ಇಲ್ಲದ ಬಜಾರ ಭಣಾಭಣಾ ಅಂತೈತಪಾ," ಅಂದ. ಅವನು ನಕ್ಕು ಕೈಯೆತ್ತಿದ. ಅದೇ ಗುರುಸಂಗಪ್ಪ ಹೆಸರುಕಾಳು ಮಾರಲು ಬಂದ ಬಾಷಾನ ಮುಂದೆ ಎಲ್ಲ ಹೇಳಿದನೆಂಬುದು ಯಮನೂರಸಾಬನಿಗೆ ಗೊತ್ತಿರಲಿಲ್ಲ.

ಇಪ್ಪತ್ತೇಳನೆಯ ದಿನ. ಮುಬೀನಾ ಬಾಗಿಲು ಮುಚ್ಚಿ ಹೊರಬಂದಾಗ ಬೆಂಚಿನ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಕಾಲಿಗೆ ಕರಿಮಣ್ಣು, ಕೈಯಲ್ಲಿ ಬಟ್ಟೆಯ ಚೀಲ.

"ನರಗುಂದದವರು... ಯಮನೂರಸಾಬ ಅಂತ," ಅಂದಳು. ಗಂಡನ ಹೆಸರು ಹೇಳುವಾಗ ದನಿ ತಗ್ಗಿತು.

ಮುಬೀನಾಳಿಗೆ ಹೇಳದೆಯೇ ತಿಳಿಯಿತು. ಒಳಗೆ ಕರೆದು ಟಿ.ವಿ. ತೋರಿಸಿದಳು. ಕಾಶೀಂಬಿ ಬಗ್ಗಿ ನೋಡಿದಳು. ಬಿಳಿಯ ಜಾಳಿಗೆಯಡಿ ಬಿಗಿದ ತಲೆ, ಚಾಚಿದ ಎರಡು ಕಾಲು. ಹರಿದ ಕಾಲುಚೀಲದಿಂದ ಒಂದು ಹೆಬ್ಬೆರಳು ಹೊರಗೆ ಬಂದಿತ್ತು.

"ನೋವ ಆಗತೈತೇನವಾ?"

"ಇಲ್ರಿ. ಈಗ ಗೊತ್ತಾಗೂದಿಲ್ಲ. ಆಮ್ಯಾಲ ಗಂಟಲಾ ಉರೀತೈತಿ." ಮುಬೀನಾ ಪರದೆ ತೋರಿಸಿದಳು. "ಇದು ಅವರ ಗಂಟಲದ ಚಿತ್ರಾ. ನೋಡ್ರಿ, ಒಂದ ಚೂರೂ ಅಳ್ಳಾಡಿಸೂದಿಲ್ಲ. ಮೊದಲ ಮಾತಾಡ್ತಿದ್ರು, ಈಗ ಬಿಟ್ಟಾರ."

ಕಾಶೀಂಬಿ ಚಿತ್ರವನ್ನು ನೋಡಲಿಲ್ಲ. ಮುಬೀನಾಳನ್ನು ನೋಡಿದಳು. "ಹೊಳಿ ಬಂದಾಗ ಬಂದಿದ್ರು. ಏನೋ ಅಂದ್ರು. ಕಿವಿ ಕೊಟ್ರೂ ಕೇಳ್ಸಲಿಲ್ಲ ನನಗ. ಇಲ್ಲಿ ಏನ ಮಾತಾಡ್ತಿದ್ರವಾ?"

ಮುಬೀನಾ ಗಡಿಯಾರ ನೋಡಿದಳು, ಕಿರಣ ನಿಲ್ಲಲು ಇನ್ನೂ ಅರ್ಧ ನಿಮಿಷವಿತ್ತು. ಆ ಮಾತನ್ನು ತನ್ನ ಬಾಯಿಂದ ಹೇಳುವುದು ಸರಿಯೋ ತಪ್ಪೋ ತಿಳಿಯದೆ ತಡವರಿಸಿದಳು. ಆಮೇಲೆ, ಅವನು ಅಂದಷ್ಟೇ ನಿಧಾನವಾಗಿ, ಅಂದಳು.

"ಕಾಶೀಂಬೀ, ಮನೀಗೆ ನಡಿ, ಅಂತಿದ್ರು. ಅಷ್ಟ. ಬ್ಯಾರೆ ಏನೂ ನಾ ಕೇಳಲಿಲ್ಲ. ದಿನಾ ಅದನ್ನ ಅಂದಿರಬೇಕು."

ಕಾಶೀಂಬಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು.

ಹೊರಬಂದ ಯಮನೂರಸಾಬ ಅವಳನ್ನು ಕಂಡು ಬಾಗಿಲಲ್ಲೇ ನಿಂತ. ಕಾಶೀಂಬಿ ಎದ್ದಳು. "ಬಾಟಲ್ಯಾಗ ಮಜ್ಜಗಿ ತಂದೀನಿ, ಉಪ್ಪ ಹಾಕಿಲ್ಲ," ಅಂದಳು. ಅವನು ಮರದ ಕೆಳಗೆ ಕೂತು ಗುಟುಕು ಗುಟುಕಾಗಿ ಕುಡಿದ. ಪ್ರತಿ ಗುಟುಕಿಗೂ ಕಣ್ಣು ಮುಚ್ಚುತ್ತಿದ್ದ. ಅವಳು ಅವನ ಗಂಟಲು ಏರಿ ಇಳಿಯುವುದನ್ನು ನೋಡುತ್ತ ಕೂತಿದ್ದಳು.

ಬಾಗಲಕೋಟೆಯ ಬಸ್ಸು ತುಂಬಿತ್ತು. ನರಗುಂದವೂ ಅದೇ ದಾರಿ, ಅದನ್ನು ದಾಟಿದರೆ ಕೊಣ್ಣೂರೂ ಅದೇ ದಾರಿ. ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಕಿಟಕಿಯ ಬದಿಗೆ ಅವನು ಕೂತ. ಕಂಡಕ್ಟರು ಜನರನ್ನು ಸರಿಸಿಕೊಂಡು ಬಂದು ಅವನ ಮುಂದೆ ನಿಂತ.

"ಎಲ್ಲಿಗ್ರಿ ಯಜಮಾನ್ರ?"

ಯಮನೂರಸಾಬ ಜೇಬಿನತ್ತ ಕೈ ಒಯ್ದು, ಎಷ್ಟು ಬೆರಳು ತೋರಿಸಬೇಕೆಂದು ತಿಳಿಯದೆ ಕೈಯನ್ನು ಹಾಗೇ ಹಿಡಿದ.

"ಎಲ್ಲಿಗಂದೆ?"

"ನರಗುಂದ," ಅಂದಳು ಕಾಶೀಂಬಿ, ಬಸ್ಸಿನ ಅರ್ಧಕ್ಕೆ ಕೇಳುವಂತೆ. "ಎರಡು."

ಊರು ದಾಟಿದ ಮೇಲೆ ಬಸ್ಸು ಜೋರು ಹಿಡಿಯಿತು. ಎರಡೂ ಕಡೆ ಎರೆಹೊಲ, ಬಿಸಿಲಿಗೆ ಒಣಗಿದ ಧೂಳು ಗಾಳಿಯೊಂದಿಗೆ ಒಳಗೆ ನುಗ್ಗಿ ಅವನ ಸುಟ್ಟ ಕತ್ತಿಗೆ ಬಡಿಯತೊಡಗಿತು. ಕಾಶೀಂಬಿ ಅವನ ಮೇಲಿಂದ ಬಗ್ಗಿ ಕಿಟಕಿಯ ಗಾಜು ಎಳೆದಳು. ಅದರ ಕೊಂಡಿ ಮುರಿದಿತ್ತು, ಎರಡು ಕುಲುಕಿಗೆ ಮತ್ತೆ ಸರಿಯಿತು. ಮತ್ತೆ ಎಳೆದಳು. ನವಲಗುಂದ ಬರುವತನಕ ಅವಳು ಆ ಗಾಜಿಗೆ ಅಂಗೈ ಒತ್ತಿಕೊಂಡೇ ಕೂತಿದ್ದಳು.